ಕವಿಯ ಹೆಸರು ಮುಚ್ಚಿಟ್ಟ ಮೇಷ್ಟ್ರು

ಪರೀಕ್ಷೆ ಹತ್ತಿರ ಬಂತೆಂದರೆ ಪುಸ್ತಕದಂಗಡಿಗಳಲ್ಲಿ ಗೈಡುಗಳದೇ ರಾಜ್ಯಭಾರ. ಪಠ್ಯಪುಸ್ತಕದ ಮುಖ ನೋಡದ ಹುಡುಗನೂ ಗೈಡು ಕೊಳ್ಳದೆ ಬಿಡುವುದಿಲ್ಲ. ಸಂದರ್ಭ ಸೂಚಿಸಿ ಸ್ವಾರಸ್ಯ ವಿವರಿಸಿ ಅಂತ ಪ್ರಶ್ನೆ ಬರುತ್ತದೆ. ಸ್ವಾರಸ್ಯ ಕಂಡದ್ದು ಯಾರಿಗೆ? ಗೈಡು ಬರೆದವನಿಗೆ. ಅದನ್ನು ಉರು ಹೊಡೆದವನು ಹುಡುಗ, ಅಂಕ ಹಾಕುವವರು ಮೇಷ್ಟ್ರು. ಕವಿ ಮಹಾಕವಿ, ಪದ್ಯ ಮನೋಜ್ಞ, ಶೈಲಿ ಸರಳ ಸುಂದರ. ಪದ್ಯ ಯಾವುದಾದರೂ ಇರಲಿ, ಈ ಮೂರು ಮಾತು ಮಾತ್ರ ಬದಲಾಗುವುದಿಲ್ಲ.

ಇದು ನಮ್ಮ ಜಿಲ್ಲೆಗೆ ಮಾತ್ರ ಅಂಟಿದ ರೋಗ ಅಂತ ಯಾರೂ ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಸುಮಾರು ನೂರು ವರ್ಷದ ಹಿಂದೆ, ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲೇ ಈ ರೋಗ ಪತ್ತೆಯಾಯಿತು. ಪತ್ತೆ ಮಾಡಿದ ವೈದ್ಯನ ಹೆಸರು ಐವರ್ ಆರ್ಮ್‌ಸ್ಟ್ರಾಂಗ್ ರಿಚರ್ಡ್ಸ್. ಕಾಲೇಜಿನಲ್ಲಿ ಸಾಹಿತ್ಯ ಓದಿದವರಿಗೆ ಐ. ಎ. ರಿಚರ್ಡ್ಸ್ ಎಂದರೆ ಬೇಗ ನೆನಪಾಗುತ್ತದೆ. ಪದ್ಯ ಓದಿ ತನಗೆ ಅನ್ನಿಸಿದ್ದನ್ನು ಬರೆಯುವುದೂ ಕಲಿಸಬೇಕಾದ ವಿದ್ಯೆ ಅಂತ ತೋರಿಸಿಕೊಟ್ಟ ಮೇಷ್ಟ್ರು ಇವರು.

ಕ್ಷಯದಿಂದ ಬೆಟ್ಟಕ್ಕೆ

ರಿಚರ್ಡ್ಸ್ ಹುಟ್ಟಿದ್ದು 1893ರ ಫೆಬ್ರವರಿ 26ರಂದು, ಚೆಷೈರ್ ಪ್ರಾಂತದ ಸ್ಯಾಂಡ್‌ಬಾಕ್ ಎಂಬ ಊರಿನಲ್ಲಿ. ತಂದೆ ರಾಸಾಯನಿಕ ಕಾರ್ಖಾನೆಯ ಕೆಲಸದವರು. ಮಗನಿಗೆ ಒಂಬತ್ತು ವರ್ಷ ಆಗುವ ಹೊತ್ತಿಗೆ ತೀರಿಕೊಂಡರು. ಹುಡುಗ ಬ್ರಿಸ್ಟಲ್‌ನ ಕ್ಲಿಫ್ಟನ್ ಶಾಲೆ ಸೇರಿದ. ಅಲ್ಲಿದ್ದಾಗಲೇ ಕ್ಷಯ ಹಿಡಿಯಿತು. ಆ ಕಾಲಕ್ಕೆ ಕ್ಷಯ ಎಂದರೆ ಮನೆಯವರು ಅರ್ಧ ಆಸೆ ಬಿಟ್ಟ ಹಾಗೇ. ಔಷಧಿ ಇರಲಿಲ್ಲ. ಒಳ್ಳೆ ಗಾಳಿ, ವಿಶ್ರಾಂತಿ, ಹಣೆಬರಹ, ಇಷ್ಟೇ.

ಗಾಳಿ ಹುಡುಕಿಕೊಂಡು ವೇಲ್ಸ್ ಪ್ರಾಂತದ ಬೆಟ್ಟಗಳಿಗೆ ಹೋದ ಹುಡುಗ ಬೆಟ್ಟ ಹತ್ತುವುದನ್ನೇ ಕಲಿತ. ಕಾಯಿಲೆ ಮತ್ತೆ ಮತ್ತೆ ಬಂತು, ಬೆಟ್ಟದ ಹುಚ್ಚು ಮಾತ್ರ ಬಿಡಲಿಲ್ಲ. 1911ರಲ್ಲಿ ಕೇಂಬ್ರಿಜ್‌ನ ಮಾಡ್ಲಿನ್ ಕಾಲೇಜು ಸೇರಿದ್ದು ಚರಿತ್ರೆ ಓದಲಿಕ್ಕೆ. ಅದು ಸೇರಲಿಲ್ಲ. ತತ್ತ್ವಶಾಸ್ತ್ರಕ್ಕೆ ಹಾರಿ 1915ರಲ್ಲಿ ಮೊದಲ ದರ್ಜೆಯಲ್ಲಿ ಪಾಸಾದರು. ಸಾಹಿತ್ಯದ ಮೇಷ್ಟ್ರಾಗಿ ಜಗತ್ತಿಗೆ ಹೆಸರಾದವರು ಸಾಹಿತ್ಯದ ಪದವಿ ಪಡೆದವರೇ ಅಲ್ಲ!

1918ರ ನವೆಂಬರ್ 11. ಮೊದಲನೇ ಮಹಾಯುದ್ಧ ಮುಗಿದ ದಿನ. ಗೆದ್ದ ಸಂಭ್ರಮದಲ್ಲಿ ಕೇಂಬ್ರಿಜ್‌ನ ವಿದ್ಯಾರ್ಥಿಗಳ ಒಂದು ಗುಂಪು ಸಿ. ಕೆ. ಆಗ್ಡೆನ್ ಎಂಬಾತನ ಪುಸ್ತಕದಂಗಡಿಗೆ ನುಗ್ಗಿ ಧ್ವಂಸ ಮಾಡಿತು. ಆಗ್ಡೆನ್ ನಡೆಸುತ್ತಿದ್ದ ಪತ್ರಿಕೆಯಲ್ಲಿ ಯುದ್ಧದ ಕಾಲದಲ್ಲೂ ಪರದೇಶದ ಪತ್ರಿಕೆಗಳ ಸುದ್ದಿ ಬರುತ್ತಿತ್ತು, ಅದೇ ಅಪರಾಧ. ಅಂಗಡಿ ಕಳಕೊಂಡ ಆಗ್ಡೆನ್ ಆ ರಾತ್ರಿ, ಪುಂಡರ ಗುರುತು ಸಿಕ್ಕೀತೇ ಅಂತ ವಿಚಾರಿಸಲು ರಿಚರ್ಡ್ಸ್ ಬಳಿ ಬಂದರು. ಮಾತು ಪುಂಡರಿಂದ ಪದಗಳಿಗೆ ಹೊರಳಿತು. ಒಂದು ಪದಕ್ಕೆ ಅರ್ಥ ಬರುವುದು ಹೇಗೆ? ಅರ್ಥ ಅಂದರೇನು? ಮೆಟ್ಟಿಲ ಮೇಲೆ ನಿಂತಲ್ಲೇ ಗಂಟೆಗಟ್ಟಲೆ ಮಾತಾಯಿತು. ಆ ಮಾತೇ ಬೆಳೆದು 1923ರಲ್ಲಿ ‘ದಿ ಮೀನಿಂಗ್ ಆಫ್ ಮೀನಿಂಗ್’ ಎಂಬ ಪುಸ್ತಕವಾಯಿತು. ಲೂಟಿಯಾದ ಅಂಗಡಿಯಿಂದ ಇಷ್ಟಾದರೂ ಲಾಭ ಹುಟ್ಟಿತು ಅನ್ನಿ.

ತಲೆಗೆ 15 ಷಿಲ್ಲಿಂಗ್

ಯುದ್ಧ ಮುಗಿದರೂ ರಿಚರ್ಡ್ಸ್‌ಗೆ ಹೊಟ್ಟೆಪಾಡಿನ ದಾರಿ ಇರಲಿಲ್ಲ. ಸ್ಕಾಟ್ಲೆಂಡಿನ ಸ್ಕೈ ದ್ವೀಪದಲ್ಲಿ ಬೆಟ್ಟ ಹತ್ತುವವರಿಗೆ ದಾರಿ ತೋರಿಸುವ ಕೆಲಸ ಮಾಡೋಣ ಅಂತ ತೀರ್ಮಾನಿಸಿ, ಪರಿಚಯ ಪತ್ರ ಬೇಡಲು ಮ್ಯಾನ್ಸ್‌ಫೀಲ್ಡ್ ಫೋರ್ಬ್ಸ್ ಎಂಬ ಅಧ್ಯಾಪಕರ ಬಳಿ ಹೋದರು. ಮಾತು ವರ್ಡ್ಸ್‌ವರ್ತ್ ಕವಿಯ ಕಡೆ ತಿರುಗಿತು. ಈ ಬಡಕಲು ಯುವಕನ ಮಾತು ಕೇಳಿದ ಫೋರ್ಬ್ಸ್, ಬೆಟ್ಟದ ಕೆಲಸಕ್ಕೆ ಪತ್ರ ಕೊಡುವ ಬದಲು ಪಾಠ ಹೇಳಲಿಕ್ಕೆ ಕರೆದರು. ಕೇಂಬ್ರಿಜ್‌ನಲ್ಲಿ ಇಂಗ್ಲಿಷ್ ಸಾಹಿತ್ಯದ ಹೊಸ ಪದವಿ ಪರೀಕ್ಷೆ 1917ರಲ್ಲಷ್ಟೇ ಜಾರಿಗೆ ಬಂದಿತ್ತು. ಪಾಠ ಹೇಳುವ ಜನ ಬೇಕಾಗಿತ್ತು.

ಆದರೆ ಸಂಬಳ? ಅದಿಲ್ಲ. ಪಾಠ ಕೇಳಲು ಬಂದವರು ತಲೆಗೆ 15 ಷಿಲ್ಲಿಂಗ್ ಕೊಡಬೇಕು, ಅದೇ ಗಳಿಕೆ. ಗಿರಾಕಿ ಬಂದರೆ ಊಟ, ಬರದಿದ್ದರೆ ಉಪವಾಸ. ಅಂಗಡಿ ಬಾಗಿಲು ತೆಗೆದು ಕೂರುವವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ರಿಚರ್ಡ್ಸ್ ಅಂಗಡಿಗೆ ಗಿರಾಕಿ ಬಂದರು, ತುಂಬಿ ಬಂದರು. 1924ರಲ್ಲಿ ಸಾಹಿತ್ಯ ವಿಮರ್ಶೆಯ ತತ್ತ್ವಗಳನ್ನು ಕುರಿತ ಪುಸ್ತಕ ಬಂತು. 1926ರಲ್ಲಿ ಓದಿದ ಕಾಲೇಜೇ ಫೆಲೋ ಸ್ಥಾನ ಕೊಟ್ಟಿತು. ಅದೇ ವರ್ಷದ ಕೊನೆಯ ದಿನ ಡೊರೊತಿ ಪಿಲ್ಲಿ ಎಂಬ ಹೆಸರಾಂತ ಪರ್ವತಾರೋಹಿಯನ್ನು ಹೊನೊಲುಲುವಿನಲ್ಲಿ ಮದುವೆಯಾದರು.

ಆ ಹಾಳೆಗಳ ಪ್ರಯೋಗ

ಮೇಷ್ಟ್ರಿಗೆ ಒಂದು ಅನುಮಾನ ಬಹಳ ದಿನದಿಂದ ಕಾಡುತ್ತಿತ್ತು. ಷೇಕ್ಸ್‌ಪಿಯರ್ ಹೆಸರು ಹೇಳಿದರೆ ಹುಡುಗರು ಹೊಗಳುತ್ತಾರೆ. ಅದು ಪದ್ಯಕ್ಕೆ ಸಲ್ಲುವ ಹೊಗಳಿಕೆಯೋ, ಹೆಸರಿಗೋ? ಹೆಸರನ್ನೇ ತೆಗೆದುಬಿಟ್ಟರೆ ಏನಾಗುತ್ತದೆ?

ಹಾಗೇ ಮಾಡಿದರು. ಪದ್ಯಗಳನ್ನು ಹಾಳೆಯಲ್ಲಿ ಅಚ್ಚು ಮಾಡಿಸಿದರು. ಕವಿಯ ಹೆಸರಿಲ್ಲ, ಕಾಲವಿಲ್ಲ, ಯಾವ ಸುಳಿವೂ ಇಲ್ಲ. ತರಗತಿಯಲ್ಲಿ ಹಂಚಿ, ಒಂದು ವಾರದಲ್ಲಿ ಅನ್ನಿಸಿದ್ದನ್ನು ಬರೆದು ತನ್ನಿ ಎಂದರು. ಎಷ್ಟು ಸಲ ಓದಿದಿರಿ ಎಂಬುದನ್ನೂ ಬರೆಯಬೇಕು. ಬರೆದವರ ಹೆಸರು ಬೇಡ. ಹೀಗಾಗಿ ಮೇಷ್ಟ್ರನ್ನು ಮೆಚ್ಚಿಸುವ ಭಯವೂ ಇಲ್ಲ, ತಪ್ಪಾದರೆ ನಾಚಿಕೆಯೂ ಇಲ್ಲ. ಮುಂದಿನ ತರಗತಿಯಲ್ಲಿ ಮೇಷ್ಟ್ರು ಆ ಬರಹಗಳನ್ನೇ ಇಟ್ಟುಕೊಂಡು ಪಾಠ ಮಾಡುತ್ತಿದ್ದರು. ಯಾರು ಎಲ್ಲಿ ಎಡವಿದರು, ಯಾಕೆ ಎಡವಿದರು ಅಂತ ತನಿಖೆ ನಡೆಯುತ್ತಿತ್ತು.

ಬರೆದವರಲ್ಲಿ ಹೆಚ್ಚಿನವರು ಇಂಗ್ಲಿಷ್ ಪದವಿಗೇ ಓದುತ್ತಿದ್ದವರು. ದೇಶದ ಒಳ್ಳೊಳ್ಳೆ ಶಾಲೆಗಳಿಂದ ಬಂದ ಜಾಣರು. ಅಸಡ್ಡೆಯಿಂದ ಬರೆದರು ಅನ್ನುವ ಹಾಗೂ ಇಲ್ಲ, ಒಂದೇ ಪದ್ಯವನ್ನು ಹತ್ತು ಹನ್ನೆರಡು ಸಲ ಓದಿದವರಿದ್ದರು.

ಫಲಿತಾಂಶ ನೋಡಿದರೆ ತಲೆ ಮೇಲೆ ಕೈ ಹೊತ್ತುಕೊಳ್ಳಬೇಕು. ಜಾನ್ ಡನ್, ಹಾಪ್ಕಿನ್ಸ್, ಡಿ. ಎಚ್. ಲಾರೆನ್ಸ್, ಇಂಥವರ ಪದ್ಯಗಳನ್ನು ಎಷ್ಟೋ ಜನ ಮುಲಾಜಿಲ್ಲದೆ ತಳ್ಳಿಹಾಕಿದ್ದರು. ಪಠ್ಯದಲ್ಲಿ ಹೆಸರು ಕಂಡಿದ್ದರೆ ಇದೇ ಕವಿಗಳಿಗೆ ಇದೇ ಜನ ಕೈ ಮುಗಿಯುತ್ತಿದ್ದರು ಎಂಬುದರಲ್ಲಿ ಅನುಮಾನವಿಲ್ಲ. ಅತ್ತ ಯುದ್ಧಕಾಲದಲ್ಲಿ ಸೈನಿಕರ ಪಾದ್ರಿಯಾಗಿ ಹೆಸರಾಗಿದ್ದ ಸ್ಟಡರ್ಟ್ ಕೆನಡಿಯ ಪದ್ಯಕ್ಕೆ ಮೆಚ್ಚುಗೆ ಧಾರಾಳವಾಗಿ ಸಿಕ್ಕಿತ್ತು.

ಮೆಚ್ಚಿದ್ದು, ಮೆಚ್ಚದಿದ್ದದ್ದು ಅವರವರ ಇಷ್ಟ, ಹೋಗಲಿ ಬಿಡಿ. ಮೇಷ್ಟ್ರನ್ನು ಬೆಚ್ಚಿಬೀಳಿಸಿದ್ದು ಬೇರೆ. ಎಷ್ಟೋ ಜನಕ್ಕೆ ಪದ್ಯದಲ್ಲಿ ಏನು ಹೇಳಿದೆ ಎಂಬುದೇ ತಿಳಿದಿರಲಿಲ್ಲ. ಹಾಪ್ಕಿನ್ಸ್ ಪದ್ಯದಲ್ಲಿ ಎಲೆ ಉದುರುವುದನ್ನು ಕಂಡು ಒಬ್ಬ ಪುಟ್ಟ ಹುಡುಗಿ ಅಳುತ್ತಾಳೆ. ಅವಳು ಅಳುತ್ತಿರುವುದು ನಿಜವಾಗಿ ಮನುಷ್ಯನ ಸಾವಿಗೆ, ತನ್ನದೇ ಹಣೆಬರಹಕ್ಕೆ ಎಂಬುದು ತಿರುಳು. ಆ ಸಾಲುಗಳ ಅನ್ವಯ ಬಿಡಿಸಲಾರದೆ, ಪದ್ಯವೇ ಅಸಂಬದ್ಧ ಅಂತ ತೀರ್ಪು ಕೊಟ್ಟವರಿದ್ದರು. ಲಾರೆನ್ಸ್ ಪದ್ಯದಲ್ಲಿ ಸಂಗೀತ ಕೇಳಿದವನೊಬ್ಬನಿಗೆ, ತಾಯಿ ಪಿಯಾನೋ ನುಡಿಸುತ್ತಿದ್ದ ಬಾಲ್ಯ ನೆನಪಾಗುತ್ತದೆ. ಇದು ಬರೀ ಕಣ್ಣೀರಿನ ಕತೆ ಅಂತ ಹಲವರು ಮೂಗು ಮುರಿದರು. ಆ ಮನುಷ್ಯ ಕಣ್ಣೀರನ್ನು ತಡೆಯಲು ಹೆಣಗುತ್ತಿದ್ದಾನೆ, ಸೋಲುತ್ತಿದ್ದಾನೆ, ಅದೇ ಪದ್ಯದ ಜೀವ ಎಂಬುದು ಅವರ ಕಣ್ಣಿಗೆ ಬೀಳಲಿಲ್ಲ.

ಇಂಥ 13 ಪದ್ಯಗಳನ್ನೂ ಅವುಗಳ ಬಗ್ಗೆ ಬಂದ ಬರಹಗಳನ್ನೂ ಸೇರಿಸಿ ರಿಚರ್ಡ್ಸ್ 1929ರಲ್ಲಿ ‘ಪ್ರಾಕ್ಟಿಕಲ್ ಕ್ರಿಟಿಸಿಸಂ’ ಎಂಬ ಪುಸ್ತಕ ಹೊರತಂದರು. ಕನ್ನಡದಲ್ಲಿ ಪ್ರಾಯೋಗಿಕ ವಿಮರ್ಶೆ ಎಂದು ಕರೆಯುತ್ತಾರಲ್ಲ, ಆ ಮಾತಿನ ತವರುಮನೆ ಇದೇ.

ಹತ್ತು ಎಡವಟ್ಟುಗಳು

ಬೈಯುವುದು ಸುಲಭ. ಹುಡುಗರು ದಡ್ಡರು ಅಂದುಬಿಟ್ಟರೆ ಮೇಷ್ಟ್ರ ಕೆಲಸ ಮುಗಿಯಿತು. ರಿಚರ್ಡ್ಸ್ ಹಾಗೆ ಮಾಡಲಿಲ್ಲ. ಓದುವವನು ಎಡವುವ ಹತ್ತು ಕಡೆಗಳನ್ನು ಪಟ್ಟಿ ಮಾಡಿದರು. ಮೊದಲನೆಯದೇ ಸರಳಾರ್ಥ ತಿಳಿಯದಿರುವುದು. ನಾದ, ಲಯ ಕಿವಿಗೆ ಬೀಳದಿರುವುದು, ಚಿತ್ರಗಳು ಮನಸ್ಸಿಗೆ ಬಾರದಿರುವುದು ಆಮೇಲಿನವು.

ನೆನಪಿನ ಕಾಟ ಇನ್ನೊಂದು. ಮಳೆಯ ಪದ್ಯ ಓದುತ್ತಿದ್ದಂತೆ ತನ್ನ ಮನೆಯ ಸೋರುವ ಹೆಂಚು ನೆನಪಾಗಿ, ಪದ್ಯ ಬಿಟ್ಟು ಹೆಂಚಿನ ಮೇಲೆ ಪ್ರಬಂಧ ಬರೆಯುವ ಹಾಗೆ.

ಸಿದ್ಧ ಭಾವನೆ ಮತ್ತೊಂದು. ರೆಡಿಮೇಡ್ ಅಂಗಿಯ ಹಾಗೆ. ತಾಯಿ ಎಂಬ ಪದ ಕಂಡೊಡನೆ ಕಣ್ಣೀರು, ದೇಶ ಎಂಬ ಪದ ಕಂಡೊಡನೆ ಎದೆ ಸೆಟೆಸುವುದು. ಕವಿ ಅಲ್ಲಿ ಏನು ಹೇಳಿದ್ದಾನೆ ಎಂಬುದು ಬೇಕಾಗಿಯೇ ಇಲ್ಲ. ಇನ್ನು ಅತಿ ಭಾವುಕತೆ ಒಂದು ಕಡೆ, ಭಾವನೆ ಎಂದರೇ ಹೆದರಿ ಬಾಗಿಲು ಹಾಕಿಕೊಳ್ಳುವುದು ಇನ್ನೊಂದು ಕಡೆ. ತನ್ನ ಮತಕ್ಕೆ ಒಪ್ಪದ ನಂಬಿಕೆ ಕಂಡೊಡನೆ ಪದ್ಯವನ್ನೇ ದೂರ ಇಡುವುದೂ ಉಂಟು. ಕೊನೆಯ ದಿನ ಸತ್ತವರೆಲ್ಲ ಎದ್ದು ಬರುವ ಡನ್ ಪದ್ಯದಲ್ಲಿ ಹಲವರು ಸಿಕ್ಕಿಬಿದ್ದದ್ದು ಇಲ್ಲೇ. ಪ್ರಾಸ ಎಣಿಸಿ, ಒಂದು ತಪ್ಪಿದರೆ ಪದ್ಯ ಫೇಲು ಎನ್ನುವ ಲೆಕ್ಕಿಗರೂ ಪಟ್ಟಿಯಲ್ಲಿದ್ದಾರೆ. ಕಾವ್ಯ ಎಂದರೆ ಹೀಗೇ ಇರಬೇಕು ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಬರುವವರು ಕೊನೆಯವರು.

ಮಾತಿಗೆ ನಾಲ್ಕು ಬಗೆಯ ಅರ್ಥ ಇರುತ್ತದೆ ಎಂದೂ ರಿಚರ್ಡ್ಸ್ ವಿಂಗಡಿಸಿದರು. ಹೇಳಿದ ವಿಷಯ, ಅದರ ಬಗ್ಗೆ ಹೇಳುವವನ ಭಾವನೆ, ಕೇಳುವವನ ಕಡೆಗೆ ಅವನ ಧಾಟಿ, ಹೇಳಿದ್ದರ ಉದ್ದೇಶ. ಇದು ಪಂಡಿತರಿಗೆ ಮಾತ್ರ ಸೇರಿದ ವಿಷಯ ಅಂತ ತಿಳಿಯಬೇಡಿ. ಸಾಲ ಕೇಳಲು ಬಂದವನಿಗೆ ಅಂಗಡಿಯವರು ನಾಳೆ ಬನ್ನಿ ಅನ್ನುತ್ತಾರೆ. ವಿಷಯ ನೋಡಿದರೆ ನಾಳೆಯ ದಿನ. ಭಾವನೆ, ಸಾಲದ ಮೇಲಿನ ಬೇಸರ. ಧಾಟಿ, ಬನ್ನಿ ಎಂಬ ಮರ್ಯಾದೆ. ಉದ್ದೇಶ, ಬರಲೇಬೇಡ. ನಾಲ್ಕನ್ನೂ ಒಂದೇ ಏಟಿಗೆ ತಿಳಿಯುವ ಜಾಣ ಪದ್ಯದ ಮುಂದೆ ಕೂತೊಡನೆ ಮಂಕಾಗುತ್ತಾನೆ. ಯಾಕೆಂದರೆ ಪದ್ಯವನ್ನು ಯಾರೋ ತನಗೆ ಆಡಿದ ಮಾತು ಅಂತ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ.

ಈ ತಾಪತ್ರಯ ಯಾಕೆ ಬೇಕು, ಪದ್ಯ ತಿಳಿಯದಿದ್ದರೆ ಅಕ್ಕಿ ಬೇಳೆ ಬೆಲೆ ಇಳಿಯುತ್ತದೆಯೇ ಅಂತ ಕೇಳುವವರಿದ್ದಾರೆ. ರಿಚರ್ಡ್ಸ್ ಕಂಡ ಅಪಾಯ ದೊಡ್ಡದು. ಸಿನಿಮಾ, ಧ್ವನಿವರ್ಧಕ ಜನರ ಮನಸ್ಸಿಗೆ ಏನು ಮಾಡಬಲ್ಲವು ಎಂಬ ಆತಂಕ ಅವರಿಗೆ 1920ರ ದಶಕದಲ್ಲೇ ಹುಟ್ಟಿತ್ತು. ಹೆಸರು ನೋಡಿ ಪದ್ಯ ಹೊಗಳುವವನು ಹೆಸರು ನೋಡಿಯೇ ವೋಟು ಹಾಕುತ್ತಾನೆ, ಮುದ್ರೆ ನೋಡಿಯೇ ಸಾಮಾನು ಕೊಳ್ಳುತ್ತಾನೆ. ಪದ ಕೇಳಿದೊಡನೆ ಕುದಿಯುವವನನ್ನು ಭಾಷಣಕಾರ ಬೇಕಾದ ಕಡೆ ತಿರುಗಿಸಬಲ್ಲ. ಪದ್ಯ ಓದುವ ಅಭ್ಯಾಸ ಇಂಥ ಮೋಸಕ್ಕೆ ಹಾಕುವ ಲಸಿಕೆ.

ಶಿಖರ, ಚೀನಾ, 850 ಪದ

ಪುಸ್ತಕ ಹೊರಬರುವ ಹಿಂದಿನ ವರ್ಷ, 1928ರ ಜುಲೈನಲ್ಲಿ, ಗಂಡ ಹೆಂಡತಿ ಸ್ವಿಟ್ಜರ್ಲೆಂಡಿನಲ್ಲಿ ಹಗ್ಗ ಕಟ್ಟಿಕೊಂಡು ನಿಂತಿದ್ದರು. 4,300 ಮೀಟರಿಗೂ ಎತ್ತರದ ಡಾನ್ ಬ್ಲಾಂಶ್ ಶಿಖರದ ಉತ್ತರದ ಏಣನ್ನು ಅಲ್ಲಿಯವರೆಗೆ ಯಾರೂ ಹತ್ತಿರಲಿಲ್ಲ. ಜೋಸೆಫ್ ಜಾರ್ಜ್, ಆಂಟ್ವಾನ್ ಜಾರ್ಜ್ ಎಂಬ ಇಬ್ಬರು ಮಾರ್ಗದರ್ಶಕರ ಜೊತೆ ಇವರು ಹತ್ತಿದರು. ಕ್ಷಯದ ಹುಡುಗ ಎಲ್ಲಿಂದ ಎಲ್ಲಿಗೆ!

1929ರಲ್ಲಿ ಬೀಜಿಂಗ್‌ನ ಚಿಂಗ್‌ಹ್ವಾ ವಿಶ್ವವಿದ್ಯಾಲಯಕ್ಕೆ ಪಾಠ ಹೇಳಲು ಹೋದರು. ಕೇಂಬ್ರಿಜ್ ಹುಡುಗರೇ ತಮ್ಮ ಭಾಷೆಯ ಪದ್ಯದಲ್ಲಿ ಎಡವುವಾಗ, ಪರಭಾಷೆಯಲ್ಲಿ ಓದುವ ಚೀನೀ ಹುಡುಗರ ಪಾಡೇನು? ಈ ಚಿಂತೆ ಅವರ ಉಳಿದ ಬದುಕನ್ನೇ ತಿರುಗಿಸಿತು. ಹಳೆಯ ಗೆಳೆಯ ಆಗ್ಡೆನ್ 850 ಪದಗಳಲ್ಲೇ ಬಹುಪಾಲು ಎಲ್ಲವನ್ನೂ ಹೇಳುವ ಬೇಸಿಕ್ ಇಂಗ್ಲಿಷ್ ರೂಪಿಸಿದ್ದರು. ಅದನ್ನು ಚೀನಾದ ಶಾಲೆಗಳಿಗೆ ತರಲು ರಿಚರ್ಡ್ಸ್ ದುಡಿದರು. 1937ರಲ್ಲಿ ಜಪಾನಿನ ಯುದ್ಧ ಬಂತು, ಆ ಕೆಲಸ ಅಲ್ಲಿಗೆ ನಿಂತಿತು.

1939ರಲ್ಲಿ ಅಮೆರಿಕದ ಹಾರ್ವರ್ಡ್ ಸೇರಿದರು, 1963ರಲ್ಲಿ ನಿವೃತ್ತಿ. ಕ್ರಿಸ್ಟಿನ್ ಗಿಬ್ಸನ್ ಎಂಬವರ ಜೊತೆಗೂಡಿ ಕಡ್ಡಿಗೊಂಬೆಯಂಥ ಚಿತ್ರ ಬರೆದು ಇಂಗ್ಲಿಷ್ ಕಲಿಸುವ ಅಗ್ಗದ ಪುಸ್ತಕಗಳನ್ನು ತಂದರು. ದೊಡ್ಡ ಪಂಡಿತ ಕೂಸಿನ ಪುಸ್ತಕಕ್ಕೆ ಇಳಿದರೆಂದು ಗೊಣಗುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಇವರು ಕಿವಿಗೆ ಹಾಕಿಕೊಂಡವರಲ್ಲ. ಅರವತ್ತು ದಾಟಿದ ಮೇಲೆ, 1958ರಲ್ಲಿ, ತಮ್ಮದೇ ಮೊದಲ ಕವನ ಸಂಕಲನ ತಂದರು. ಜೀವನವಿಡೀ ಬೇರೆಯವರ ಪದ್ಯ ಓದಿಸಿದವರು ಕೊನೆಗೆ ತಾವೂ ಕಣಕ್ಕೆ ಇಳಿದರು.

ಮೈಸೂರಿಗೆ ಬಂದ ಬೀಜ

ಕೇಂಬ್ರಿಜ್‌ನಲ್ಲಿ ಈ ಮೇಷ್ಟ್ರ ಶಿಷ್ಯನಾಗಿದ್ದ ವಿಲಿಯಂ ಎಂಪ್ಸನ್, ಗಣಿತ ಬಿಟ್ಟು ಸಾಹಿತ್ಯಕ್ಕೆ ಬಂದ ಹುಡುಗ, 1930ರಲ್ಲಿ, 24ನೇ ವಯಸ್ಸಿಗೇ, ಪದಗಳ ಸಂದಿಗ್ಧಾರ್ಥದ ಮೇಲೆ ಪುಸ್ತಕ ಬರೆದು ಹೆಸರಾದ. ಪಾಠ ಕೇಳಿದ್ದ ಎಫ್. ಆರ್. ಲೀವಿಸ್ ಮುಂದೆ ಅದೇ ಊರಿನಲ್ಲಿ ಘಟಾನುಘಟಿ ವಿಮರ್ಶಕರಾದರು. ಆ ಲೀವಿಸ್ ಬಳಿ ಓದಿ ಬಂದವರು ಸಿ. ಡಿ. ನರಸಿಂಹಯ್ಯ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರು, ಮುಂದೆ ಪ್ರಿನ್ಸಿಪಾಲರು, 1979ರಲ್ಲಿ ಧ್ವನ್ಯಾಲೋಕ ಸಂಸ್ಥೆ ಕಟ್ಟಿದವರು. ಯು. ಆರ್. ಅನಂತಮೂರ್ತಿ ಅವರ ಶಿಷ್ಯರು. ಕೃತಿಯನ್ನು ಕೈಯಲ್ಲಿ ಹಿಡಿದು ಪದಪದವನ್ನೂ ಮುಟ್ಟಿ ನೋಡುವ ಪದ್ಧತಿ ಹೀಗೆ ನಮ್ಮ ಕಾಲೇಜುಗಳಿಗೂ ನಡೆದು ಬಂತು. ಕಾವ್ಯಕ್ಕೆ ಸಹೃದಯ ಬೇಕೆಂದು ಎಂದೋ ಹೇಳಿದ ನಾಡಿಗೆ ಇದು ತೀರಾ ಪರಕೀಯವೂ ಅಲ್ಲ.

ಆಕ್ಷೇಪಣೆಗಳೂ ಬಂದವು, ಅವುಗಳಲ್ಲಿ ಹುರುಳಿತ್ತು. ಹೆಸರು, ಕಾಲ, ಊರು ಎಲ್ಲ ಅಳಿಸಿದರೆ ಪದ್ಯ ಅರ್ಥವಾಗುವುದಾದರೂ ಹೇಗೆ? ವಚನವೊಂದನ್ನು ಬಸವಣ್ಣನವರ ಕಾಲ ಬಿಟ್ಟು ಓದಿದರೆ ಅರ್ಧ ಕೈತಪ್ಪುತ್ತದೆ. ಮಾತು ಸರಿ. ಆದರೆ ಹೆಸರು ಮುಚ್ಚಿದ್ದು ರೋಗ ಪತ್ತೆಗೆ. ವೈದ್ಯರು ಥರ್ಮಾಮೀಟರ್ ಇಟ್ಟರೆ ಅದನ್ನೇ ಮದ್ದು ಅಂತ ನುಂಗಬಾರದು. ಮುಂದೆ ಬಂದ ಕೆಲವು ಮೇಷ್ಟ್ರುಗಳು ಪ್ರಯೋಗವನ್ನೇ ಪರೀಕ್ಷೆಯ ಪ್ರಶ್ನೆ ಮಾಡಿದರು. ಪ್ರಶ್ನೆಯಾದ ಮೇಲೆ ಅದಕ್ಕೂ ಮಾದರಿ ಉತ್ತರ ಹುಟ್ಟಿತು, ಮಾದರಿ ಉತ್ತರಕ್ಕೆ ಗೈಡು ಹುಟ್ಟಿತು. ಇದು ರಿಚರ್ಡ್ಸ್ ತಪ್ಪಲ್ಲ.

1974ರಲ್ಲಿ ರಿಚರ್ಡ್ಸ್ ದಂಪತಿ ಕೇಂಬ್ರಿಜ್‌ಗೆ ಮರಳಿದರು. 1979ರಲ್ಲಿ, 86ರ ಮುದಿ ವಯಸ್ಸಿನಲ್ಲಿ, ಮತ್ತೆ ಚೀನಾಕ್ಕೆ ಪಾಠ ಹೇಳಲು ಹೊರಟರು. ಅಲ್ಲಿ ಕಾಯಿಲೆ ಬಿದ್ದರು. ಊರಿಗೆ ಕರೆತಂದರೂ ಚೇತರಿಸಿಕೊಳ್ಳಲಿಲ್ಲ. ಸೆಪ್ಟೆಂಬರ್ 7ರಂದು ಕೇಂಬ್ರಿಜ್‌ನಲ್ಲಿ ಕಣ್ಣು ಮುಚ್ಚಿದರು.

ಅವರ ಪದ್ಧತಿಗೆ ಸರ್ಕಾರದ ಮಂಜೂರಾತಿ ಬೇಡ, ಅನುದಾನ ಬೇಡ. ಒಂದು ಪದ್ಯ, ಒಂದು ಹಾಳೆ, ಒಂದು ವಾರ ಸಾಕು. ಮೇಷ್ಟ್ರು ಮೊದಲು ತಮ್ಮ ಅಭಿಪ್ರಾಯ ಹೇಳದೆ ಬಾಯಿ ಬಿಗಿಹಿಡಿಯಬೇಕು, ಅದೇ ಕಷ್ಟದ ಕೆಲಸ. ಎಷ್ಟು ಸಲ ಓದಿದೆ, ಮೊದಲು ಪದ್ಯ ಏನು ಹೇಳುತ್ತದೆ, ಆಮೇಲೆ ನಿನಗೇನು ಅನ್ನಿಸಿತು, ಯಾವ ಸಾಲಿನಿಂದ ಹಾಗನ್ನಿಸಿತು, ಇಷ್ಟು ಕೇಳಿದರಾಯಿತು. ಮನೋಜ್ಞ ಅಂತ ಬರೆದವನಿಗೆ ಯಾವ ಪದ ಮನೋಜ್ಞ ಅಂತ ಬೆರಳಿಟ್ಟು ತೋರಿಸಲು ಹೇಳಬೇಕು. ಚೆನ್ನಾಗಿಲ್ಲ ಅಂತ ಬರೆದವನನ್ನು ಬೈಯಬಾರದು, ಅವನಿಗೂ ಅದೇ ಪ್ರಶ್ನೆ. ಹುಡುಗ ತಪ್ಪನ್ನೇ ಬರೆದರೂ ಅದು ಅವನ ಸ್ವಂತ ತಪ್ಪಾಗಿರುತ್ತದೆ, ತಿದ್ದಬಹುದು. ಗೈಡಿನಿಂದ ತಂದ ಸರಿಯನ್ನು ತಿದ್ದಲು ಯಾವ ಮೇಷ್ಟ್ರಿಂದಲೂ ಆಗುವುದಿಲ್ಲ.